‘ತಡೀರಿ’ ಅಂದವರಿಗೆ ಶರಣು

ಈ ಬೇಸಿಗೆ ನಮ್ಮೂರಿಗೆ ಒಂದು ಟ್ಯಾಂಕರೂ ಬರಲಿಲ್ಲ. ಬೀದರ್ ತಾಲ್ಲೂಕಿನ ಕೆಂಪು ಕಲ್ಲಿನ ದಿಬ್ಬದ ಅಂಚಿಗಿರುವ ಊರು ಇದು. ಊರ ನಡುವಿನ ಸೇದುಬಾವಿಯಲ್ಲಿ ಮೇ ತಿಂಗಳ ಕೊನೆಗೂ ಎರಡಾಳು ನೀರು ನಿಂತಿತ್ತು. ಹೋದ ವರ್ಷ ಆ ಹಳೆಯ ಬಾವಿಯ ಹೂಳು ತೆಗೆಯುವಾಗ ಬುಟ್ಟಿ ಹೊತ್ತವರು, ಟ್ರಾಕ್ಟರ್ ಹೂಡಿದವರು, ರೊಟ್ಟಿ ಬುತ್ತಿ ಕಟ್ಟಿಕೊಟ್ಟವರು ಎಲ್ಲರಿಗೂ ಊರು ಋಣಿ. ಆದರೂ ಈ ಬರಹದಲ್ಲಿ ಮೊದಲ ಶರಣು ಬೇರೆಯವರಿಗೆ. ಕೆಲಸದ ಭರಾಟೆಯಲ್ಲಿ ಎಲ್ಲರೂ ಓಡುತ್ತಿದ್ದಾಗ ಕೈ ಅಡ್ಡ ಹಿಡಿದು ‘ತಡೀರಿ’ ಅಂದವರಿಗೆ. ಅವರು ತಡೆಯದಿದ್ದರೆ ಬಾವಿಯ ಗೋಡೆ ಕುಸಿಯುತ್ತಿತ್ತು, ಇಲ್ಲವೇ ಒಂದು ಜೀವ ಹೋಗುತ್ತಿತ್ತು. ಅವರು ಏನನ್ನು, ಯಾಕೆ ತಡೆದರು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇವೆ. ಬಾವಿಗೆ ಕೈ ಹಾಕಲಿರುವ ಬೇರೆ ಊರಿನವರಿಗೂ ಇದು ಬೇಕಾದೀತು.

ಮೊಟ್ಟಮೊದಲು ತಡೆದವರು ಸ್ವಸಹಾಯ ಸಂಘದ ಅಕ್ಕಂದಿರು. ಗ್ರಾಮಸಭೆಯಲ್ಲಿ ಪಂಪು ಯಾರದು, ಡೀಸೆಲ್ ಯಾರದು ಎಂಬ ಮಾತು ನಡೆದಿತ್ತು. ಆಗ ಕೆಳಗಿನ ಓಣಿಯ ಒಬ್ಬ ಅಕ್ಕ ಎದ್ದು ನಿಂತು, ‘ಹೂಳು ಆಮ್ಯಾಲೆ ತೆಗೀರಿ. ನೀರು ಬಂದ ಮ್ಯಾಲೆ ಯಾರು ಸೇದಬೇಕು ಅನ್ನೋದು ಮೊದಲು ಬರೀರಿ’ ಅಂದರು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಹಳೆಯ ಬಾವಿಗಳಿಗೆ ಹಳೆಯ ಕಟ್ಟುಪಾಡುಗಳೂ ಅಂಟಿಕೊಂಡಿರುತ್ತವೆ. ಬತ್ತಿದ ಬಾವಿಯಲ್ಲಿ ಅವು ಕಾಣುವುದಿಲ್ಲ, ನೀರಿನ ಜೊತೆಗೆ ಮೇಲೇಳುತ್ತವೆ. ಸಾರ್ವಜನಿಕ ಬಾವಿಯಲ್ಲಿ ನೀರು ಸೇದದಂತೆ ಜಾತಿಯ ಕಾರಣಕ್ಕೆ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧ. ಆದರೆ ಕಾನೂನಿನ ಪುಸ್ತಕದಲ್ಲಿದ್ದರೆ ಅಕ್ಕಂದಿರಿಗೆ ಸಾಲದು, ಊರಿನ ಪುಸ್ತಕಕ್ಕೂ ಬರಬೇಕಿತ್ತು. ಅವತ್ತೇ ಠರಾವು ಬರೆಯಲಾಯಿತು. ನಾಲ್ಕು ದಿಕ್ಕಿಗೂ ಒಂದೇ ಎತ್ತರದ ಗಡಗಡಿ (ರಾಟೆ), ಯಾವ ದಿಕ್ಕೂ ಯಾವ ಓಣಿಯ ಹೆಸರಿಗೂ ಇಲ್ಲ, ಕೊಡಗಳ ಸರದಿ ಒಂದೇ. ಠರಾವಿಗೆ ಸಹಿ ಬಿದ್ದ ಮೇಲೆಯೇ ಸಲಿಕೆ ಎತ್ತಿದ್ದು. ಇಡೀ ಕೆಲಸದಲ್ಲಿ ಇದಕ್ಕಿಂತ ಗಟ್ಟಿಯಾದ ಕಲ್ಲು ಬೇರೊಂದು ಕೂತಿಲ್ಲ ಎಂದು ನಾವು ನಂಬಿದ್ದೇವೆ.

ಇದೇ ಬಾವಿ ಯಾಕೆ ಎಂದು ಕೇಳುವವರಿಗೆ ಈ ನೆಲದ ಗುಣ ಹೇಳಬೇಕು. ಬೀದರಿನ ದಿಬ್ಬದ ಮೇಲ್ಪದರ ಜಂಬಿಟ್ಟಿಗೆ. ಜೇನುಹುಟ್ಟಿನಂತೆ ತೂತುತೂತಾದ ಕೆಂಪು ಕಲ್ಲು ಅದು, ಬಿದ್ದ ಮಳೆಯನ್ನು ಕುಡಿದುಬಿಡುತ್ತದೆ. ಅದರಡಿಗೆ ಬಿಳಿ-ಹಳದಿ ಜೇಡಿ, ಅದಕ್ಕೂ ಕೆಳಗೆ ಕರಿಕಲ್ಲು. ಕುಡಿದ ನೀರು ಜೇಡಿ ದಾಟಲಾರದೆ ಅದರ ಮೇಲೆ ಅಡ್ಡಕ್ಕೆ ಹರಿಯುತ್ತದೆ. ದಿಬ್ಬದ ಅಂಚಿಗೆ ಬಂದಲ್ಲಿ ಝರಿಯಾಗಿ ಹೊರಬೀಳುತ್ತದೆ. ನಾನಕ್ ಝೀರಾ, ನರಸಿಂಹ ಝರಣಿ ಎಲ್ಲವೂ ಈ ದಿಬ್ಬದ ನೀರೇ. ಬಹಮನಿಯರ ಕಾಲದಲ್ಲಿ, 15ನೇ ಶತಮಾನದಲ್ಲಿ, ಬೀದರ್ ಬಳಿಯ ನೌಬಾದಿನ ಸುರಂಗ ಬಾವಿ (ನೆಲದಡಿಯಲ್ಲಿ ನೀರು ಹರಿಸುವ ಸುರಂಗ, ಕರೇಜ್) ಕೊರೆದವರು ಇದೇ ಗುಟ್ಟನ್ನು ಹಿಡಿದಿದ್ದರು. ಬೋರು ಮಾತ್ರ ಈ ಪದರವನ್ನು ದಾಟಿ ಕರಿಕಲ್ಲಿನ ಬಿರುಕು ಹುಡುಕಿಕೊಂಡು ಹೋಗುತ್ತದೆ. ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಧೂಳು. ಬಾವಿಗೆ ಆ ಅದೃಷ್ಟದ ಹಂಗಿಲ್ಲ.

ನೌಬಾದಿನ ಸುರಂಗದ ಜಾಡನ್ನು ವರ್ಷಗಟ್ಟಲೆ ನಡೆದು ನಕ್ಷೆಗಿಳಿಸಿದ ಭೂಗೋಳ ಶಾಸ್ತ್ರಜ್ಞ ವಲ್ಲಿಯಿಲ್ ಗೋವಿಂದನ್‌ಕುಟ್ಟಿ ಅವರನ್ನೂ, ಜಿಲ್ಲಾಧಿಕಾರಿಯಾಗಿದ್ದಾಗ ಸುರಂಗ ಬಾವಿ, ತೆರೆದ ಬಾವಿ, ಕೆರೆಗಳ ಹೂಳೆತ್ತಿಸಿದ ಅನುರಾಗ್ ತಿವಾರಿ ಅವರನ್ನೂ ಇಲ್ಲಿ ನೆನೆಯಲೇಬೇಕು. 2016ರ ಬರದಲ್ಲಿ ಪಕ್ಕದ ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ನೀರು ಹೊರಬೇಕಾಯಿತು. ಅಂಥ ಹೊತ್ತಿನಲ್ಲಿ ಹಳೆಯ ಬಾವಿಗಳತ್ತ ಜಿಲ್ಲೆಯ ಕಣ್ಣು ತಿರುಗಿಸಿದ ಕೆಲಸ ಅದು. ತಿವಾರಿಯವರು 2017ರಲ್ಲಿ ತೀರಿಕೊಂಡರು. ಈ ಶರಣು ಅವರಿಗೆ ತಲುಪುವುದು ಇನ್ನು ಹೀಗೆಯೇ.

ಬಾವಿಯ ಅಡ್ಡಳತೆ 6 ಮೀಟರ್, ಆಳ 12. ತಳದಲ್ಲಿ ಎರಡೂವರೆ ಮೀಟರ್ ಹೂಳು, ಅದರ ಮೇಲೆ 2 ಮೀಟರ್ ಕೊಳಕು ನೀರು. ಹೋದ ವರ್ಷ ಏಪ್ರಿಲ್‌ನಲ್ಲಿ ಕೆಲಸ ಶುರುವಾಯಿತು. 5 ಎಚ್‌ಪಿ ಪಂಪಿಗೆ ಆ ನೀರು ಎರಡು ತಾಸಿನ ಕೆಲಸ. ಹಾಗೆಯೇ ಮಾಡುವುದೆಂದು ಹೊರಟಾಗ, ಬಾವಿ ಕೆಲಸದಲ್ಲೇ ತಲೆ ಹಣ್ಣಾದ ಕಾಕಾ ಸ್ವಿಚ್ಚಿನ ಮುಂದೆ ಬಂದು ನಿಂತರು. ‘ಒಮ್ಮೆಗೇ ಎಳಿಬ್ಯಾಡ್ರಿ. ಒಳಗಿನ ನೀರು ಗ್ವಾಡಿಗೆ ಹೆಗಲು ಕೊಟ್ಟೈತಿ’ ಎಂಬುದು ಅವರ ಮಾತು. ಅದು ಅಕ್ಷರಶಃ ಸತ್ಯ. ಕಲ್ಲುಕಟ್ಟಡದ ಹಿಂದಿನ ಮಣ್ಣೂ ನೀರು ತುಂಬಿಕೊಂಡು ಗೋಡೆಯನ್ನು ಒಳಕ್ಕೆ ನೂಕುತ್ತಿರುತ್ತದೆ. ಬಾವಿಯೊಳಗಿನ ನೀರು ಅದನ್ನು ಎದುರಿನಿಂದ ತಡೆದಿರುತ್ತದೆ. ಒಳಗಿನದನ್ನು ಒಮ್ಮೆಲೇ ತೆಗೆದರೆ ಹಿಂದಿನ ಒತ್ತಡ ಉಳಿದು ಕಲ್ಲು ಜಾರುತ್ತದೆ. ಹಳೆಯ ಬಾವಿಗಳಲ್ಲಿ ಕಲ್ಲಿನ ಸಂದುಗಳು ಕೆಸರು, ಬೇರುಗಳಿಂದ ಮುಚ್ಚಿರುವುದರಿಂದ ಹಿಂದಿನ ನೀರು ಬೇಗ ಬಸಿಯುವುದೂ ಇಲ್ಲ.

ಕಾಕಾ ಹಾಕಿದ ಲೆಕ್ಕ ದಿನಕ್ಕೆ ಎರಡು ಮೊಳ. ಅಷ್ಟು ಇಳಿಸಿ ಪಂಪು ನಿಲ್ಲಿಸುವುದು, ಬಯಲಾದ ಸಂದುಗಳನ್ನು ಕಬ್ಬಿಣದ ಸರಳಿನಿಂದ ಬಿಡಿಸುವುದು, ಇರುಳೆಲ್ಲ ಬಸಿಯಲು ಬಿಡುವುದು. ಬಡಗಣ ಗೋಡೆ ಅರಳಿಯ ಬೇರಿನಿಂದ ಒಂದು ಗೇಣು ಉಬ್ಬಿತ್ತು. ಬೇರು ಎಳೆದು ಕೀಳಲು ಹೊರಟವರನ್ನೂ ಅವರು ತಡೆದರು, ಬೇರು ಎಳೆದರೆ ಅದರ ಹಿಂದೆ ಕಲ್ಲೂ ಬರುತ್ತದೆ ಎಂದು. ಗೋಡೆಯ ಮಟ್ಟಕ್ಕೆ ಕೊಯ್ದು ಬಿಟ್ಟೆವು. ಸಡಿಲವಾದ ಏಳೆಂಟು ಕಲ್ಲುಗಳನ್ನು ಮರಳಿ ಕೂರಿಸಿಕೊಟ್ಟವರು ಗಾರೆ ಕೆಲಸದ ಚಾಚಾ. ಸಿಮೆಂಟು ಬೇಡವೆಂದು ಹಟ ಹಿಡಿದು, ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಸುರ್ಕಿ (ಇಟ್ಟಿಗೆ ಪುಡಿ) ಮತ್ತು ಮರಳು ಅರೆದು ಹಚ್ಚಿದರು. ಬರೀ ಸುಣ್ಣ ತೇವದಲ್ಲಿ ಬೇಗ ಹಿಡಿಯುವುದಿಲ್ಲ, ಇಟ್ಟಿಗೆ ಪುಡಿ ಸೇರಿದರೆ ನೀರಿನಲ್ಲೂ ಗಟ್ಟಿಯಾಗುತ್ತದೆ. ಕೆಳಗಿನ ಸಾಲುಗಳಿಗೆ ಗಾರೆಯನ್ನೇ ಹಚ್ಚಲಿಲ್ಲ, ಸೆಲೆ ಬರುವುದೇ ಆ ಸಂದುಗಳಿಂದ.

ಮೂರನೆಯ ದಿನ ತಳ ಕಂಡಿತು. ಇಳಿಯಲು ನಾಲ್ವರು ಲುಂಗಿ ಕಟ್ಟಿ ತಯಾರಾಗಿ ನಿಂತಿದ್ದರು. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನಮ್ಮೂರಿನ ಇಬ್ಬರು ಹುಡುಗರು ಅವರನ್ನು ನಿಲ್ಲಿಸಿ, ಬಾಡಿಗೆಗೆ ತಂದ ಗಾಳಿ ಅಳೆಯುವ ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಬಾಯಲ್ಲಿ, ನಡುವಿನಲ್ಲಿ, ತಳದಲ್ಲಿ ಎರಡೆರಡು ನಿಮಿಷ. ಒಳ್ಳೆಯ ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರುತ್ತದೆ, ಶೇ. 19.5ಕ್ಕಿಂತ ಕಡಿಮೆಯಿದ್ದಲ್ಲಿ ಇಳಿಯಬಾರದು. ತಳದಲ್ಲಿ ಶೇ. 17 ತೋರಿಸಿತು. ಕಂದೀಲು ಇಳಿಬಿಟ್ಟು ಗಾಳಿ ನೋಡುವ ರೂಢಿ ಇಲ್ಲಿ ಸಾಲದು. ಶೇ. 17ರಲ್ಲೂ ಕಂದೀಲು ಉರಿಯುತ್ತಲೇ ಇರಬಹುದು, ಅದು ಆರುವುದು ಶೇ. 16ರ ಆಸುಪಾಸಿನಲ್ಲಿ. ಕೊಳೆತ ಹೂಳಿನಿಂದೇಳುವ ಹೈಡ್ರೋಜನ್ ಸಲ್ಫೈಡನ್ನಂತೂ ಕಂದೀಲು ತಿಳಿಸುವುದೇ ಇಲ್ಲ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ವಿಷ ಹೆಚ್ಚಾದಾಗ ಮೂಗೇ ಮರಗಟ್ಟಿ ವಾಸನೆ ನಿಂತಂತಾಗುತ್ತದೆ. ವಾಸನೆ ಹೋಯಿತು ಎಂದು ಇಳಿದವರು ಮೇಲೆ ಬಂದಿಲ್ಲ.

ಬ್ಲೋವರಿನ ಕೊಳವೆಯನ್ನು ಹೂಳಿನಿಂದ ಒಂದು ಮೊಳ ಮೇಲಕ್ಕೆ ಇಳಿಬಿಟ್ಟು ಅರ್ಧ ತಾಸು ಗಾಳಿ ಊದಿಸಿ, ಮತ್ತೆ ಅಳೆದು, ಆಮೇಲೆ ಇಳಿಸಿದರು. ಬೆಳಿಗ್ಗೆ ಒಮ್ಮೆ ಅಳೆದರೆ ಸಾಲದು. ಸಲಿಕೆ ಹಾಕಿದಂತೆಲ್ಲ ಹೂಳಿನೊಳಗೆ ಸಿಕ್ಕಿಕೊಂಡ ಗಾಳಿ ಏಳುತ್ತದೆ. ಆದ್ದರಿಂದ ಮೀಟರು ಇಳಿದವರ ಸೊಂಟದಲ್ಲೇ ಇತ್ತು, ಬ್ಲೋವರು ನಿಲ್ಲಲಿಲ್ಲ. ಡೀಸೆಲ್ ಇಂಜಿನನ್ನು ಬಾವಿಯೊಳಗೆ ಇಳಿಸಬಾರದು, ಬಾಯಿಯ ಹತ್ತಿರವೂ ಇಡಬಾರದು, ಅದರ ಹೊಗೆ ಗಾಳಿಯ ಜೊತೆ ಒಳಗಿಳಿಯುತ್ತದೆ. ಇಳಿದ ಪ್ರತಿಯೊಬ್ಬರ ಎದೆಗೂ ಬೆಲ್ಟು, ಆ ಬೆಲ್ಟಿನ ಹಗ್ಗಕ್ಕೆ ಮೇಲೆ ಇಬ್ಬರು. ಹುಡುಗರು ಎಲ್ಲರ ಬಾಯಲ್ಲೂ ಒಂದು ಮಾತು ಹೇಳಿಸಿದರು: ಒಬ್ಬ ಬಿದ್ದರೆ ಇನ್ನೊಬ್ಬ ಇಳಿಯುವುದಿಲ್ಲ, ಹಗ್ಗ ಎಳೆಯುತ್ತೇವೆ. ಬಾವಿ ದುರಂತಗಳಲ್ಲಿ ಎರಡನೆಯ, ಮೂರನೆಯ ಸಾವು ಹೆಚ್ಚಾಗಿ ಎತ್ತಲು ಇಳಿದವರದ್ದೇ ಆಗಿರುತ್ತದೆ. ಈ ಇಬ್ಬರು ಹುಡುಗರ ಅವ್ವ-ಅಪ್ಪಂದಿರಿಗೂ ನಮ್ಮ ಶರಣು.

ಹೂಳಿನ ಗಾತ್ರ ಸುಮಾರು 70 ಘನ ಮೀಟರ್. 100 ಘನ ಅಡಿಯ ಟ್ರಾಲಿಗೆ ಇದು 25 ಲೋಡು ಆಗಬೇಕು. ಎತ್ತಿದ ಕೆಸರು ಉಬ್ಬುವುದರಿಂದ 30 ಆಯಿತು, ಲೆಕ್ಕ ಹಾಕುವವರು ಇದನ್ನು ಮರೆಯಬಾರದು. ಮೇಲಿನ ಒಂದು ಮೀಟರ್ ಪೂರಾ ಪ್ಲಾಸ್ಟಿಕ್, ಒಡೆದ ಕೊಡ, ಬಣ್ಣದ ಗಣಪತಿ ಮೂರ್ತಿಗಳ ಚೂರು. ಅದನ್ನು ಹೊಲಕ್ಕೆ ಕೊಡದೆ ಬೇರೆ ಹಾಕಿಸಿದ ರೈತರಿಗೂ, ಇನ್ನು ಬಾವಿಯಲ್ಲಿ ಮೂರ್ತಿ ಬಿಡುವುದಿಲ್ಲವೆಂದು ಮುಂದೆ ಬಂದು ಒಪ್ಪಿದ ಗಣೇಶ ಮಂಡಳಿಯ ತರುಣರಿಗೂ ಉಪಕಾರ. ಕೆಳಗಿನ ಬೂದು ಹೂಳು ತೊಗರಿ ಹೊಲಗಳಿಗೆ ಹೋಯಿತು. ಸಲಿಕೆಗೆ ಬಿಳಿ-ಹಳದಿ ಬಣ್ಣ ಹತ್ತಿದ ಕೂಡಲೇ ಕಾಕಾ ಮತ್ತೆ ‘ಸಾಕು’ ಅಂದರು. ಅದು ಹೂಳಲ್ಲ, ಮೂಲ ಜೇಡಿ. ಇನ್ನೆರಡು ಮೊಳ ತೋಡಿದರೆ ಹೆಚ್ಚು ನೀರು ನಿಂತೀತು ಎಂಬ ಆಸೆ ಎಲ್ಲರಿಗೂ ಇತ್ತು. ನೀರನ್ನು ಹಿಡಿದಿಟ್ಟ ತಟ್ಟೆಯೇ ಅದು, ತೂತು ಬಿದ್ದರೆ ಕೆಳಕ್ಕೆ ಸೋರುತ್ತದೆ.

ಮಳೆಗಾಲ ಮುಗಿಯುವಾಗ 7 ಮೀಟರ್ ನೀರು ನಿಂತಿತ್ತು. ಕೊಡ ಹಿಡಿದು ಬಂದವರನ್ನು ಈ ಸಲ ತಡೆದವರು ಆಶಾ ಕಾರ್ಯಕರ್ತೆ. ಬಾವಿಗೆ ಬ್ಲೀಚಿಂಗ್ ಪುಡಿಯನ್ನು ಮುಷ್ಟಿಯಲ್ಲಿ ಎರಚುವ ರೂಢಿಯನ್ನು ಅವರು ಬಿಡಿಸಿದರು. ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಲೆಕ್ಕ ಬರುತ್ತದೆ (ಅಳತೆಗಳು ಮೀಟರಿನಲ್ಲಿರಬೇಕು). ನಮ್ಮ ಬಾವಿಗೆ 6×6×7×785, ಹತ್ತಿರಹತ್ತಿರ 2 ಲಕ್ಷ ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ ಅರ್ಧ ಕಿಲೋ ಪುಡಿ. ಒಂದು ಬಕೆಟಿಗೆ 100 ಗ್ರಾಂ ಮೀರದಂತೆ ಐದು ಬಕೆಟ್. ಮೊದಲು ಸ್ವಲ್ಪ ನೀರಿನಲ್ಲಿ ಮುದ್ದೆ ಕಲಸಿ, ಮುಕ್ಕಾಲು ಬಕೆಟ್ ತುಂಬಿಸಿ ತಿರುವಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟಿಗೆ ಬಗ್ಗಿಸಬೇಕು. ತಳದ ಸುಣ್ಣ ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆ. ತಿಳಿಯ ಬಕೆಟನ್ನು ನೀರಿನ ಮಟ್ಟದ ಕೆಳಗೆ ಮುಳುಗಿಸಿ ಮೇಲೆ ಕೆಳಗೆ, ಆಚೆ ಈಚೆ ಜಗ್ಗಾಡಿಸಬೇಕು. ಒಂದು ತಾಸು ಬಿಟ್ಟು ನೋಡಿದಾಗ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಬಾಯಿ ತೆರೆದಿಟ್ಟ ಹಳೆಯ ಚೀಲದ ಪುಡಿ ಸತ್ವ ಕಳೆದುಕೊಂಡಿರುತ್ತದೆ, ಅದನ್ನು ಹಾಕಿ ನೀರು ಶುದ್ಧವಾಯಿತೆಂದು ನಂಬಬಾರದು.

ಪ್ರಯೋಗಾಲಯಕ್ಕೆ ಹೋದ ಮೊದಲ ಮಾದರಿ ಪಾಸಾಗಲಿಲ್ಲ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದೂ ಇ-ಕೋಲಿ ಇರಬಾರದು, ಇದರಲ್ಲಿ ಇತ್ತು. ದನಗಳು ನೀರು ಕುಡಿಯುವ ದೋಣಿಯ ಸುತ್ತ ನಿಂತ ನೀರು ಕಟ್ಟೆಯ ಬಿರುಕಿನಿಂದ ವಾಪಸು ಇಳಿಯುತ್ತಿದ್ದುದನ್ನು ಪತ್ತೆ ಹಚ್ಚಿದ್ದು ಅಲ್ಲಿ ನಿತ್ಯ ಬಟ್ಟೆ ಒಗೆಯುವ ಅಕ್ಕಂದಿರು. ಕಟ್ಟೆಯನ್ನು ಒಂದೂವರೆ ಮೀಟರ್ ಅಗಲಿಸಿ, ಹೊರಕ್ಕೆ ಇಳಿಜಾರು ಕೊಟ್ಟು, ದೋಣಿಯನ್ನು ದೂರ ಸರಿಸಿದ ಮೇಲೆ ಎರಡನೆಯ ಮಾದರಿ ಪಾಸಾಯಿತು. ಅಲ್ಲಿಯವರೆಗೆ ಮೂರು ವಾರ, ಬೈಗುಳ ತಿಂದರೂ ಕುಡಿಯಲು ಬಿಡದ ಆಶಾ ಅಕ್ಕನಿಗೆ ಊರಿನ ಮಕ್ಕಳೆಲ್ಲರ ಪರವಾಗಿ ಶರಣು.

ರಸ್ತೆಯ ಮಳೆನೀರನ್ನೂ ಬಾವಿಗೆ ತಿರುಗಿಸೋಣ ಎಂದವರಿಗೆ ಶಾಲೆಯ ಮುಖ್ಯ ಶಿಕ್ಷಕಿ ಒಪ್ಪಲಿಲ್ಲ. ಜಂಬಿಟ್ಟಿಗೆ ಸೋಸುವುದಕ್ಕಿಂತ ಬೇಗ ಸಾಗಿಸುತ್ತದೆ, ಬೀದಿಯ ಕೊಳೆ ನೇರ ಕೊಡಕ್ಕೆ ಬರುತ್ತದೆ. ಬದಲಿಗೆ ಶಾಲೆಯ 200 ಚದರ ಮೀಟರ್ ಮಾಳಿಗೆಯ ನೀರು ಕೊಟ್ಟರು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 25 ಮಿಲಿಮೀಟರಿನ ಒಂದು ಮಳೆಗೆ, ಐದನೇ ಒಂದು ಪಾಲು ಪೋಲಾದರೂ, 4,000 ಲೀಟರ್. ಮೊದಲ ಒಂದು ಮಿಲಿಮೀಟರ್ ಮಾಳಿಗೆಯ ಧೂಳು ತೊಳೆದ ನೀರು, ಅದು 200 ಲೀಟರಿನ ಡ್ರಮ್ಮಿಗೆ ಹೋಗುತ್ತದೆ. ಪ್ರತಿ ಮಳೆಯ ನಂತರ ಆ ಡ್ರಮ್ಮಿನ ತೂಬು ಬಿಚ್ಚಿ ಖಾಲಿ ಮಾಡುವವರು ಏಳನೇ ತರಗತಿಯ ಮಕ್ಕಳು. ಒಮ್ಮೆ ಮರೆತರೂ ಮುಂದಿನ ಮಳೆಯ ಧೂಳೆಲ್ಲ ಬಾವಿಗೇ ಹೋಗುತ್ತದೆ, ಅವರು ಒಮ್ಮೆಯೂ ಮರೆತಿಲ್ಲ.

ಈಗ ನಾಲ್ಕೂ ಗಡಗಡಿ ತಿರುಗುತ್ತಿವೆ. ಠರಾವಿನ ಪ್ರತಿಯನ್ನು ಕಲ್ಲಿನಲ್ಲಿ ಕೆತ್ತಿಸಿ ಕಟ್ಟೆಯ ಮೂಡಣ ಮಗ್ಗುಲಿಗೆ ಹಾಕಿದೆ. ಪ್ರತಿ ಏಪ್ರಿಲ್‌ನಲ್ಲಿ ಹೂಳು ಅಳೆಯುತ್ತೇವೆ, ಒಂದು ಮೊಳ ದಾಟಿದರೆ ತೆಗೆಯುತ್ತೇವೆ. ಅಳತೆ ಕೋಲು, ಎದೆ ಬೆಲ್ಟುಗಳು, ಬ್ಲೋವರಿನ ಕೊಳವೆ, 60 ಮೀಟರ್ ಹಗ್ಗ ಶಾಲೆಯ ಕೋಣೆಯಲ್ಲಿವೆ. ಬಾವಿ ತೋಡಲು ಹೊರಟ ಯಾವ ಊರಿನವರೂ ಒಯ್ಯಬಹುದು, ಬಾಡಿಗೆಯಿಲ್ಲ. ಕಾಕಾ ಕರೆದರೆ ಬರುತ್ತಾರೆ. ಹಗ್ಗ ಮಾತ್ರ ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಒಣಗಿಸಿ, ಗಂಟು ಬಿಚ್ಚಿ ಮರಳಿ ತನ್ನಿ.