ಬ್ರಿಜ್ ಬದಲಾವಣೆ: ಮೊದಲು ಅಳತೆ, ಆಮೇಲೆ ಆರ್ಡರ್

ಮಾನ್ಯ ಗ್ರಾಹಕರೇ,

ನಮಸ್ಕಾರ. ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಹುಬ್ಬಳ್ಳಿ ಅಂಗಡಿಯಲ್ಲಿ ಎಲೆಕ್ಟ್ರಿಕ್ ಗಿಟಾರಿನ ಬ್ರಿಜ್‌ಗಳನ್ನು (ಬಾಡಿಯ ಮೇಲೆ ತಂತಿಗಳನ್ನು ಹಿಡಿದು ನಿಲ್ಲಿಸುವ ಭಾಗ) ಬರೀ ಮಾಡೆಲ್ ಹೆಸರು ಕೇಳಿ ಕೊಡುವುದಿಲ್ಲ, ತರಿಸಿಕೊಡುವುದೂ ಇಲ್ಲ. ಗಿಟಾರ್ ತಂದು ತೋರಿಸಬೇಕು, ಇಲ್ಲವೇ ಕೆಳಗೆ ಹೇಳಿದ ಅಳತೆಗಳನ್ನು ಬರೆದು ಕಳಿಸಬೇಕು. ಆನ್‌ಲೈನ್‌ನಲ್ಲಿ ನೀವೇ ಕೊಂಡ ಬ್ರಿಜ್ ಕೂಡಿಸುವ ಕೆಲಸಕ್ಕೂ ಇದೇ ನಿಯಮ. ಅಳತೆ ನೋಡಿಕೊಡಲು ಹಣ ತಗೊಳ್ಳುವುದಿಲ್ಲ.

ಕಾರಣ ಸರಳ. ಆರು ಸ್ಕ್ರೂಗಳ ಸ್ಟ್ರ್ಯಾಟೋಕಾಸ್ಟರ್ ಮಾದರಿಯ ಬ್ರಿಜ್ ಎಂದು ಪೇಟೆಯಲ್ಲಿ ಸಿಗುವುದು ಒಂದೇ ಸಾಮಾನಲ್ಲ. ಹಳೆಯ ಅಮೆರಿಕನ್ ಮಾದರಿಯಲ್ಲಿ ಮೊದಲ ಸ್ಕ್ರೂವಿನಿಂದ ಆರನೆಯದಕ್ಕೆ ಸುಮಾರು 56 ಮಿ.ಮೀ.; ಏಷ್ಯಾದಲ್ಲಿ ತಯಾರಾಗುವ ಬಹಳಷ್ಟು ಗಿಟಾರ್‌ಗಳಲ್ಲಿ 52.5 ಮಿ.ಮೀ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬಾಡಿಯ ಮೇಲೆ ಇಟ್ಟಾಗ ಮಾತ್ರ ಕೊನೆಯ ತೂತು ಮೂರೂವರೆ ಮಿಲಿಮೀಟರ್ ಆಚೆ ಹೋಗಿರುತ್ತದೆ. ಅಲ್ಲಿಯೇ ಇನ್ನೊಂದು ತೂತು ಹೊಡೆದರೆ ಡ್ರಿಲ್ ಬಿಟ್ ಹಳೆಯ ತೂತಿನೊಳಗೆ ಜಾರುತ್ತದೆ, ಎರಡೂ ಸೇರಿ ಉದ್ದನೆಯ ಗಾಯವಾಗುತ್ತದೆ. ಆಮೇಲೆ ಯಾವ ಸ್ಕ್ರೂ ಹಾಕಿದರೂ ನಿಲ್ಲುವುದಿಲ್ಲ.

ಅಂಥ ಬಾಡಿಯನ್ನು ಸರಿ ಮಾಡಬಹುದು, ಆದರೆ ಬ್ರಿಜ್‌ಗಿಂತ ರಿಪೇರಿಯ ಖರ್ಚೇ ಹೆಚ್ಚು. ಹಳೆಯ ತೂತುಗಳನ್ನು ಗಟ್ಟಿ ಮರದ ಬಿರಡೆಯಿಂದ ಮುಚ್ಚಬೇಕು. ಅಂಗಡಿಯಲ್ಲಿ ಸಿಗುವ ದುಂಡನೆಯ ಕಡ್ಡಿ ಕತ್ತರಿಸಿ ತುಂಬಿದರೆ ಸ್ಕ್ರೂ ಮರದ ಎಳೆಗಳ ಉದ್ದಕ್ಕೇ ಇಳಿಯುತ್ತದೆ, ಹಿಡಿತ ಬರುವುದಿಲ್ಲ. ಬಾಡಿಯ ಎಳೆಯ ದಿಕ್ಕಿಗೇ ಬರುವಂತೆ ಹಲಗೆಯಿಂದ ಅಡ್ಡಕ್ಕೆ ಕೊಯ್ದ ಬಿರಡೆಯೇ ಬೇಕು. ಸಾಗುವಾನಿ ಬೇಡ, ಅದರ ಎಣ್ಣೆಯಂಶಕ್ಕೆ ಅಂಟು ಸರಿಯಾಗಿ ಹತ್ತುವುದಿಲ್ಲ. ಅಂಟು ಹಾಕಿ ಒಂದು ಇಡೀ ದಿನ ಬಿಡಬೇಕು, ಧಾರವಾಡದ ಮಳೆಗಾಲದಲ್ಲಿ ಇನ್ನೂ ಒಂದು ದಿನ.

ಈಗ ಅಳತೆಯ ಮಾತು. ಸ್ಕ್ರೂಗಳ ನಡುಬಿಂದು ಹುಡುಕುತ್ತ ಕೂಡಬೇಡಿ. ಮೊದಲ ಸ್ಕ್ರೂವಿನ ಎಡ ಅಂಚಿನಿಂದ ಆರನೆಯದರ ಎಡ ಅಂಚಿಗೆ ವರ್ನಿಯರ್ ಹಿಡಿದರೆ ನಡುವಿನಿಂದ ನಡುವಿಗೆ ಬರುವ ಅಳತೆಯೇ ಸಿಗುತ್ತದೆ. ಎರಡು ಸ್ಟಡ್‌ಗಳ, ಅಂದರೆ ಎರಡು ಕಂಬಗಳ ಮೇಲೆ ನಿಲ್ಲುವ, ಬ್ರಿಜ್ ಇದ್ದರೂ ಹೀಗೇ. ಎರಡನೆಯದು, ಸ್ಯಾಡಲ್‌ಗಳ (ಬ್ರಿಜ್‌ನಲ್ಲಿ ತಂತಿ ಕೂರುವ ತುಂಡುಗಳ) ಮೇಲೆ ದಪ್ಪ ಇ ತಂತಿಯಿಂದ ಸಣ್ಣ ಇ ತಂತಿಗೆ ಎಷ್ಟು ಎಂಬುದು. ಸ್ಕ್ರೂ ಅಂತರ 56 ಇದ್ದೂ ತಂತಿ ಅಂತರ 52.5 ಇರುವ ಬ್ರಿಜ್‌ಗಳು ಸಿಗುತ್ತವೆ, ಆದ್ದರಿಂದ ಒಂದನ್ನು ಅಳೆದು ಇನ್ನೊಂದನ್ನು ಊಹಿಸಬೇಡಿ. ಕಿರಿದಾದ ನೆಕ್ಕಿಗೆ ಅಗಲದ ಬ್ರಿಜ್ ಕೂಡಿಸಿದರೆ ಆಚೀಚೆ ಒಂದೂಮುಕ್ಕಾಲು ಮಿಲಿಮೀಟರ್ ಹೆಚ್ಚಾಗಿ, ಮೇಲಿನ ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲಿ) ಸಣ್ಣ ತಂತಿ ಬೋರ್ಡಿನ ಅಂಚಿನಿಂದ ಕೆಳಗೆ ಜಾರುತ್ತದೆ.

ಮೂರನೆಯದು ಬಾಡಿಯ ದಪ್ಪ. ಸಾಮಾನ್ಯವಾಗಿ 45 ಮಿ.ಮೀ. ಆಸುಪಾಸು, ಕಡಿಮೆ ಬೆಲೆಯ ಕೆಲವು ಗಿಟಾರ್‌ಗಳಲ್ಲಿ 40ರ ಹತ್ತಿರ. ತೆಳು ಬಾಡಿಯಲ್ಲಿ ಪೂರ್ಣ ಉದ್ದದ ಟ್ರೆಮೊಲೊ ಬ್ಲಾಕ್ (ಬ್ರಿಜ್‌ನ ಅಡಿಯಲ್ಲಿ ಬಾಡಿಯೊಳಗೆ ಇಳಿಯುವ ಲೋಹದ ಗಟ್ಟಿ) ಹಾಕಿದರೆ ಹಿಂದಿನ ಮುಚ್ಚಳದಿಂದ ಹೊರಗೆ ಇಣುಕುತ್ತದೆ. ಇನ್ನು ನಟ್‌ನ (ನೆಕ್‌ನ ತಲೆಯ ಕಡೆ ತಂತಿಗಳು ಕೂರುವ ಪಟ್ಟಿಯ) ಒಳ ಅಂಚಿನಿಂದ 12ನೇ ಫ್ರೆಟ್‌ನ ನಡುವಿನವರೆಗೆ ಅಳೆದು ಎರಡರಿಂದ ಗುಣಿಸಿ: ಅಳತೆ 324 ಮಿ.ಮೀ. ಬಂದರೆ 648ರ ಸ್ಕೇಲ್ (ಕಂಪಿಸುವ ತಂತಿಯ ಉದ್ದ), 314 ಬಂದರೆ 628ರದ್ದು. ಇದ್ದ ತೂತುಗಳಿಗೇ ಹೊಸ ಬ್ರಿಜ್ ಕೂಡುವುದಾದರೆ ಇದು ಅಷ್ಟಾಗಿ ಬೇಕಾಗದು. ಜಾಗ ಬದಲಾಯಿಸುವುದಾದರೆ ಸಣ್ಣ ಇ ಸ್ಯಾಡಲ್ 648ರ ಹತ್ತಿರ ನಿಂತಾಗ ದಪ್ಪ ಇ ಅದಕ್ಕಿಂತ 3ರಿಂದ 5 ಮಿ.ಮೀ. ಹಿಂದೆ ಸರಿಯುವಷ್ಟು ಜಾಗ ಇರಲೇಬೇಕು. ಇಲ್ಲದಿದ್ದರೆ ಬೆರಳು ಒತ್ತದೆ ಬಿಟ್ಟ ತಂತಿ ಸುರದಲ್ಲಿದ್ದರೂ 12ನೇ ಫ್ರೆಟ್ ಸುರದಲ್ಲಿರುವುದಿಲ್ಲ.

ಲೆಸ್ ಪಾಲ್ ಮಾದರಿಯ ಗಿಟಾರಿನಲ್ಲಿ ಬರುವ ಟ್ಯೂನ್-ಓ-ಮ್ಯಾಟಿಕ್ ಬ್ರಿಜ್‌ಗೆ ಎರಡು ಕಂಬಗಳ ಅಂತರ, ಅದು ಹೆಚ್ಚಾಗಿ 74 ಮಿ.ಮೀ., ಜೊತೆಗೆ ಕಂಬದ ದಪ್ಪ ಬರೆದು ಕಳಿಸಿ. ಚಪ್ಪಟೆಯಾಗಿ ಕೂತ ನೆಕ್‌ನ ಗಿಟಾರಿಗೆ ಈ ಎತ್ತರದ ಬ್ರಿಜ್ ಹಾಕಿದರೆ ತಂತಿ ಆಕಾಶಕ್ಕೆ ಏರುತ್ತದೆ. ಫ್ಲಾಯ್ಡ್ ರೋಸ್ ಮಾದರಿಯನ್ನು (ತಂತಿಗಳನ್ನು ನಟ್ ಮತ್ತು ಬ್ರಿಜ್ ಎರಡೂ ಕಡೆ ಬಿಗಿಯುವ ಬ್ರಿಜ್), ಬಾಡಿಯನ್ನು ಮೊದಲೇ ಅದಕ್ಕಾಗಿ ಕೊರೆದಿಲ್ಲದಿದ್ದರೆ, ಇನ್ನು ಮುಂದೆ ಕೂಡಿಸುವುದಿಲ್ಲ. ಮರ ಕೊರೆದು ನಟ್‌ನ ಕಡೆಯೂ ಕತ್ತರಿಸಿದ ಮೇಲೆ ಮನಸ್ಸು ಬದಲಾದರೆ ವಾಪಸ್ ದಾರಿಯಿಲ್ಲ.

ಯಾವುದನ್ನು ಆರಿಸಬೇಕು ಎಂದು ಕೇಳುವವರಿಗೆ: ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಒಂದೇ ಗಿಟಾರ್ ಹಿಡಿದು ಮೂರು ತಾಸು ನುಡಿಸುವವರು ತೇಲುವ ಬ್ರಿಜ್ (ಬಾಡಿಗೆ ಒರಗದೆ ಹಿಂದೆ ಮುಂದೆ ವಾಲಬಲ್ಲದ್ದು) ಬಿಡುವುದು ಒಳ್ಳೆಯದು. ಅದರಲ್ಲಿ ತಂತಿಗಳ ಎಳೆತ ಮತ್ತು ಹಿಂದಿನ ಸ್ಪ್ರಿಂಗ್‌ಗಳ ಎಳೆತ ಸಮ ಇರುತ್ತವೆ. ಒಂದು ತಂತಿ ಹರಿದರೆ ಸ್ಪ್ರಿಂಗ್ ಗೆದ್ದು ಉಳಿದ ಐದೂ ಏರುಸುರಕ್ಕೆ ಹೋಗುತ್ತವೆ, ಹಾಡಿನ ನಡುವೆ ಏನೂ ಮಾಡಲಾಗದು. ಹಿಂದೆ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಕ್ಲಾದ ಸ್ಕ್ರೂ ಬಿಗಿದು ಬ್ರಿಜ್‌ನ ತಟ್ಟೆಯನ್ನು ಬಾಡಿಗೆ ಒತ್ತಿ ಕೂಡಿಸಿದರೆ ಈ ತೊಂದರೆ ಇಲ್ಲ. ಅಲುಗಾಡದ ಗಟ್ಟಿ ಬ್ರಿಜ್ ಆದರೆ ಇನ್ನೂ ನಿಶ್ಚಿಂತೆ. 648ರ ಸ್ಕೇಲಿನಲ್ಲಿ 9-42 ತಂತಿಗಳ (ಅತಿ ಸಣ್ಣ ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ) ಒಟ್ಟು ಎಳೆತ ಸುಮಾರು 38 ಕಿಲೋ, 10-46ರದ್ದು 46ರ ಹತ್ತಿರ. ದಪ್ಪ ತಂತಿಗೆ ಬದಲಾದ ಮೇಲೆ ಬ್ರಿಜ್ ಮುಂದೆ ವಾಲಿತು ಎನ್ನುವ ದೂರಿಗೆ ಕಾರಣ ಇಷ್ಟೇ, ಬ್ರಿಜ್ ಕೆಟ್ಟಿರುವುದಿಲ್ಲ.

ಹಿತ್ತಾಳೆಯೋ ಉಕ್ಕೋ ಎಂಬ ಚರ್ಚೆಗೆ ನಮ್ಮ ಅಭಿಪ್ರಾಯ ಚಿಕ್ಕದು. ಅಗ್ಗದ ಜಿಂಕ್ ಸ್ಯಾಡಲ್‌ನಲ್ಲಿ ತಂತಿ ಬೇಗ ಕಚ್ಚು ಮಾಡುತ್ತದೆ, ಅಲ್ಲಿಯೇ ಹರಿಯುತ್ತದೆ. ಉಕ್ಕು ಬಾಳಿಕೆ ಬರುತ್ತದೆ. ಧ್ವನಿಯ ವ್ಯತ್ಯಾಸಕ್ಕಿಂತ ಸರಿಯಾಗಿ ಕೂತಿದೆಯೇ ಎಂಬುದೇ ಹೆಚ್ಚು ಕೇಳಿಸುತ್ತದೆ. ಬೆವರು ತಾಗುವ ಎತ್ತರದ ಸ್ಕ್ರೂಗಳಿಗೆ ಮಳೆಗಾಲದ ಮೊದಲು ಒಂದೊಂದು ಹನಿ ಮಶೀನ್ ಎಣ್ಣೆ ಬಿಡಿ. ಅಲೆನ್ ಕೀ ಪರೀಕ್ಷಿಸಿಯೇ ತಿರುಗಿಸಿ: ಅಮೆರಿಕನ್ ಬ್ರಿಜ್‌ಗಳಲ್ಲಿ ಹೆಚ್ಚಾಗಿ 0.05 ಇಂಚು, ಅಂದರೆ 1.27 ಮಿ.ಮೀ.; ಏಷ್ಯಾದವುಗಳಲ್ಲಿ ಬಹುಪಾಲು 1.5. ಸಣ್ಣ ಕೀ ಜಾರಿ ಮೂಲೆ ಸವೆಸಿದರೆ ಸ್ಕ್ರೂ ತೆಗೆಯುವುದೇ ಒಂದು ಕೆಲಸ.

ಮನೆಯಲ್ಲೇ ಕೂಡಿಸುವವರು ತೂತು ಹೊಡೆಯುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ, ಬಣ್ಣ ಸಿಡಿಯುವುದಿಲ್ಲ. ಬ್ರಿಜ್‌ಗೆ ಬರುವ ಅರ್ಥ್ ವೈರ್ ಮರಳಿ ಜೋಡಿಸಿ. ಅದನ್ನು ಮರೆತರೆ ಆಂಪ್ ಹಾಕಿದ ಕೂಡಲೇ ಗುಂಯ್‌ಗುಡುತ್ತದೆ.

ಈಗಾಗಲೇ ನಮ್ಮಲ್ಲಿ ಬಿಟ್ಟಿರುವ ಗಿಟಾರ್‌ಗಳ ಕೆಲಸ ಹಳೆಯ ಮಾತಿನಂತೆಯೇ ಆಗುತ್ತದೆ. ಗದಗ, ಹಾವೇರಿ ಕಡೆಯವರು ಬಸ್ಸಿನಲ್ಲಿ ಗಿಟಾರ್ ಹೊತ್ತು ಬರುವ ಮೊದಲು ಅಳತೆ ಮತ್ತು ಬ್ರಿಜ್‌ನ ನೇರ ಮೇಲಿನಿಂದ ತೆಗೆದ ಫೋಟೋ ಕಳಿಸಿ. ಬೇಕಾದ ಸಾಮಾನು ಬಂದ ಮೇಲೆ ನಾವೇ ತಿಳಿಸುತ್ತೇವೆ, ಅಂದು ಬಂದರೆ ಸಾಕು.

ಇಂತಿ,
ರಿಪೇರಿ ವಿಭಾಗ, ಹುಬ್ಬಳ್ಳಿ