ಭಾನುವಾರದ ಚರ್ಚೆ: ಸಿವಿಲೈಸೇಶನ್ 7ರ ಬದಲಾವಣೆಗಳು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6 ಗಂಟೆಗೆ ಗುಂಪು ಕರೆಯಲ್ಲಿ ನಾಗರಿಕತೆ ಕಟ್ಟಿ ಬೆಳೆಸುವ ವಿಡಿಯೊ ಆಟ ಸಿವಿಲೈಸೇಶನ್ 7 ಕುರಿತು ಮಾತನಾಡೋಣ. ಅದನ್ನು ಆಡಿದವರೂ ಬನ್ನಿ, ಆರನೆಯದನ್ನೇ ಬಿಡದೆ ಆಡುತ್ತಿರುವವರೂ ಬನ್ನಿ.

1991ರಿಂದಲೂ ಒಂದೇ ನಾಗರಿಕತೆಯನ್ನು ಮೊದಲ ಊರಿನಿಂದ ಬಾಹ್ಯಾಕಾಶದವರೆಗೆ ಬೆಳೆಸುವುದು ಈ ಸರಣಿಯ ಜೀವಾಳವಾಗಿತ್ತು. 2025ರ ಫೆಬ್ರುವರಿಯಲ್ಲಿ ಏಳನೆಯದು ಬಂದಾಗ ಆಟ ಮೂರು ಯುಗಗಳಾಗಿ ಒಡೆದಿತ್ತು. ಯುಗ ಬದಲಾದಂತೆ ನಾಗರಿಕತೆಯೂ ಬದಲಾಗಬೇಕಿತ್ತು, ನಾಯಕ ಮಾತ್ರ ಉಳಿಯುತ್ತಿದ್ದ. ಅಶೋಕನೊಂದಿಗೆ ಮೌರ್ಯರಿಂದ ಚೋಳರಿಗೆ, ಅಲ್ಲಿಂದ ಮೊಘಲರಿಗೆ ಸಾಗಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಆದರೆ ಯುಗದ ಕೊನೆಯಲ್ಲಿ ನಡೆಯುತ್ತಿದ್ದ ಯುದ್ಧ ಹಠಾತ್ತನೆ ನಿಂತುಹೋದಾಗ ಹಳೆಯ ಅಭಿಮಾನಿಗಳಿಗಾದ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಕಟ್ಟಿದ ಮನೆಯಿಂದ ಎಬ್ಬಿಸಿದಂತೆ ಅದು.

ಕಳೆದ ವಾರ ಇದೇ ವಿಷಯಕ್ಕೆ ಮಾತು ಬಿರುಸಾಗಿ ಇಬ್ಬರು ಗುಂಪು ಬಿಟ್ಟರು. ಅದು ಮರುಕಳಿಸಬಾರದು. ಆಟವನ್ನು ಎಷ್ಟು ಬೇಕಾದರೂ ಟೀಕಿಸಿ, ಆಡುವವರನ್ನು ಹೀಯಾಳಿಸಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿ ‘ಬರುತ್ತೇನೆ’ ಎಂದು ಬರೆಯಿರಿ. ಜೊತೆಗೆ ನಿಮಗೆ ಹಿಡಿಸಿದ ಒಂದು ಬದಲಾವಣೆ, ಹಿಡಿಸದ ಒಂದು ಬದಲಾವಣೆ ತಿಳಿಸಿ. ಬಿಟ್ಟುಹೋದ ಇಬ್ಬರನ್ನೂ ನಾನೇ ಕರೆಯುತ್ತೇನೆ, ಅವರು ಮರಳಿದರೆ ದಯವಿಟ್ಟು ಹಳೆಯ ಮಾತು ಎತ್ತಬೇಡಿ.