ಹೊಲಿಗೆ ಹಾಕುವ ಮೊದಲು ಬೆರಳು ಮುಟ್ಟಿ ನೋಡಿ

ಮಾನ್ಯ ಸಂಪಾದಕರೇ,

ತುಂಡಾದ ನರವನ್ನು ನಳಿಗೆಯೊಳಗೆ ಬೆಳೆಸುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಎರಡು ಸಲ ಓದಿದೆ. ನಾನು ಬೈತಖೋಲ ಬಂದರಿನಲ್ಲಿ ಬಲೆ ರಿಪೇರಿ ಮಾಡುವವ. ಎಳನೀರು ಕೆತ್ತುವಾಗ ಕತ್ತಿ ಜಾರಿ ಎಡ ಮಣಿಕಟ್ಟಿಗೆ ಬಿತ್ತು. ಒಂದು ಆಸ್ಪತ್ರೆಯಲ್ಲಿ ಏಳು ಹೊಲಿಗೆ ಹಾಕಿದರು. ಕಿರುಬೆರಳು ಜೋಮು ಹಿಡಿದಿದೆ ಎಂದೆ. "ಊತ ಇಳಿದರೆ ಸರಿಯಾಗ್ತದೆ" ಅಂದರು. ನಾಲ್ಕು ತಿಂಗಳಲ್ಲಿ ಕಿರುಬೆರಳು, ಉಂಗುರ ಬೆರಳು ಕೊಕ್ಕೆಯಂತೆ ಮಡಚಿಕೊಂಡವು. ಚಹಾ ಪಾತ್ರೆ ತಾಗಿ ಬೊಬ್ಬೆ ಎದ್ದಿದ್ದು ಹೆಂಡತಿ ಹೇಳಿದ ಮೇಲೆ ಗೊತ್ತಾಯಿತು.

ಮಂಗಳೂರಿಗೆ ಹೋಗುವಷ್ಟರಲ್ಲಿ ತುಂಡಾದ ನರದ ಎರಡು ತುದಿಗಳು ದೂರ ಸರಿದಿದ್ದವು. ಹರಿದ ಬಲೆಯನ್ನು ಜಗ್ಗಿ ಕಟ್ಟಿದರೆ ಬಲೆಯ ಕಣ್ಣು ವಾರೆಯಾಗುತ್ತದೆ, ಮತ್ತೆ ಅಲ್ಲೇ ಹರಿಯುತ್ತದೆ. ನಡುವೆ ಬೇರೆ ತುಂಡು ಹಾಕಬೇಕು. ನರಕ್ಕೂ ಅದೇ ಲೆಕ್ಕವಂತೆ. ನನ್ನ ಮೀನಖಂಡದಿಂದಲೇ ಒಂದು ನರ ತೆಗೆದು ಹಾಕಿದರು. ಈಗ ಪಾದದ ಹೊರ ಅಂಚಿಗೆ ಕಲ್ಲು ತಾಗಿದರೂ ಗೊತ್ತಾಗುವುದಿಲ್ಲ.

ಕಾಲಿನ ಈ ನಷ್ಟ ತಪ್ಪಿಸಲಿಕ್ಕೇ ನೀವು ಬರೆದ ನಳಿಗೆ. ನರದ ಎರಡು ತುದಿಗಳನ್ನು ಅದರ ಎರಡು ಬಾಯಿಗೆ ಕೂಡಿಸಿದರೆ ನಡುವಿನ ನರ ಒಳಗೇ ಬೆಳೆಯುತ್ತದೆ. ಕೊಲಾಜನ್ ಎಂಬ ಪ್ರೋಟೀನಿನ ನಳಿಗೆಗೆ ಅಮೆರಿಕದಲ್ಲಿ 2001ರಲ್ಲೇ ಒಪ್ಪಿಗೆ ಸಿಕ್ಕಿದೆ. ಯುರೋಪಿನಲ್ಲಿ ಕೈಟೋಸಾನ್‌ ನಳಿಗೆಯೂ ಇದೆ. ಕೈಟೋಸಾನ್ ಸಿಗುವುದು ಸಿಗಡಿ ಸಿಪ್ಪೆಯಿಂದ! ಬಂದರಿನಲ್ಲಿ ನಾವು ಮೂಗು ಮುಚ್ಚಿಕೊಂಡು ದಾಟುತ್ತೇವಲ್ಲ, ಅದೇ ಶೆಟ್ಲಿ ಸಿಪ್ಪೆ. ಆದರೆ ಅಂತರ ಸುಮಾರು 3 ಸೆಂ.ಮೀ.ಗಿಂತ ಜಾಸ್ತಿಯಾದರೆ ಬರೀ ಟೊಳ್ಳು ನಳಿಗೆ ಸಾಲುವುದಿಲ್ಲ. ಅದಕ್ಕೇ ನರದ ಬೆಳವಣಿಗೆಗೆ ದಾರಿ ತೋರುವ ಶ್ವಾನ್ ಕೋಶಗಳನ್ನು ಒಳಗೆ ತುಂಬಿ ಪ್ರಯೋಗ ಮಾಡುತ್ತಿದ್ದಾರೆ.

ಏನೇ ಹಾಕಿದರೂ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಮಣಿಕಟ್ಟಿನಿಂದ ಬೆರಳ ತುದಿಗೆ ಐದಾರು ತಿಂಗಳ ದಾರಿ. ವರ್ಷ, ಒಂದೂವರೆ ವರ್ಷ ನರ ಬಂದು ಮುಟ್ಟದಿದ್ದರೆ ಸ್ನಾಯು ಸೊರಗಿ ಹೋಗುತ್ತದೆ. ಆಮೇಲೆ ಅದು ಮೊದಲಿನಂತಾಗುವುದು ಕಷ್ಟ. ನನ್ನ ನಾಲ್ಕು ತಿಂಗಳು ಸುಮ್ನೆ ಹೋಯಿತು.

ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಕೇಳಿ ಕೇಳಿ ಸಾಕಾಗಿದೆ. ಅದು ಬರುವಾಗ ಬರಲಿ. ಅಲ್ಲಿಯವರೆಗೆ ಖರ್ಚಿಲ್ಲದ ಒಂದು ಕೆಲಸ ಮಾಡಬಹುದು ಅಲ್ವಾ? ಅಡಿಕೆ ಸುಲಿಯುವವರು, ಮೀನು ಕೊಯ್ಯುವವರು, ನಮ್ಮಲ್ಲಿ ಕತ್ತಿ ಹಿಡಿಯದವರು ಯಾರು? ಕೈ ಕೊಯ್ದುಕೊಂಡು ಬಂದವರಿಗೆ ಮರಗಟ್ಟುವ ಇಂಜೆಕ್ಷನ್ ಕೊಡುವ ಮೊದಲೇ ಕಣ್ಣು ಮುಚ್ಚಿಸಿ, ಒಂದೊಂದು ಬೆರಳ ತುದಿ ಮುಟ್ಟಿ ಕೇಳಿ. ಬೆರಳು ಅಗಲಿಸಲು ಹೇಳಿ. ಆಗದಿದ್ದರೆ 'ನರಕ್ಕೆ ಪೆಟ್ಟಾಗಿರಬಹುದು' ಎಂದು ಚೀಟಿಯಲ್ಲಿ ಬರೆದು ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಿ.

– ಬಲೆ ರಿಪೇರಿಯವ, ಬೈತಖೋಲ, ಕಾರವಾರ